ಪುತ್ತೂರಿನ ಕಾಲೇಜು, ಅದರ ಪದವೀಧರರು: ಹೆಸರುಗಳ ಹಿಂದಿನ ಲೆಕ್ಕ

ಯಾವುದೇ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತೆರೆದರೂ ಹೆಮ್ಮೆಯ ಹಳೆ ವಿದ್ಯಾರ್ಥಿಗಳ ಪುಟವೊಂದು ಎದುರಾಗುತ್ತದೆ. ಮಂತ್ರಿ, ಕುಲಪತಿ, ನ್ಯಾಯಾಧೀಶ, ವಿದೇಶದಲ್ಲಿ ನೆಲೆಸಿದ ವಿಜ್ಞಾನಿ ಎಂಬ ಅನುಕ್ರಮದಲ್ಲಿ ಭಾವಚಿತ್ರಗಳು ಜೋಡಣೆಗೊಂಡಿರುತ್ತವೆ. ಆ ಹೆಸರುಗಳಿಗೂ ಆ ಕಾಲೇಜಿಗೂ ಇರುವ ನಿಜವಾದ ಸಂಬಂಧವೇನು, ಅಲ್ಲಿ ಕಲಿತದ್ದರಿಂದ ಅವರು ಹಾಗಾದರೇ ಅಥವಾ ಎಲ್ಲಿ ಕಲಿತಿದ್ದರೂ ಹಾಗೆಯೇ ಆಗುತ್ತಿದ್ದರೇ ಎಂಬುದನ್ನು ಮಾತ್ರ ಆ ಪುಟ ಹೇಳುವುದಿಲ್ಲ. ಮಹಾನಗರದ ಕಾಲೇಜುಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದೂ ಕಷ್ಟ. ಪುತ್ತೂರಿನಂಥ ಸಣ್ಣ ಪಟ್ಟಣದಲ್ಲಿ ಅದು ಸ್ವಲ್ಪ ಸುಲಭ. ಕಾಲೇಜು ಇಲ್ಲದಿದ್ದ ಕಾಲ ಇಲ್ಲಿ ಇನ್ನೂ ಜನರ ನೆನಪಿನಲ್ಲಿದೆ. ಆ ಕಾಲದಲ್ಲಿಯೂ ಈ ಸೀಮೆಯಲ್ಲಿ ಹೆಸರಾಂತ ವ್ಯಕ್ತಿಗಳಿದ್ದರು. ಆದ್ದರಿಂದ ಕಾಲೇಜಿಗೆ ಮುಂಚಿನವರನ್ನೂ ನಂತರದವರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಪೆರಾಬೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದು ಅದು ಕಡಬ ತಾಲ್ಲೂಕಿನ ಗ್ರಾಮ. 2010ರ ದಶಕದ ಕೊನೆಯಲ್ಲಿ ಕಡಬ ಪ್ರತ್ಯೇಕ ತಾಲ್ಲೂಕಾಗುವವರೆಗೆ ಪುತ್ತೂರು ತಾಲ್ಲೂಕಿಗೆ ಸೇರಿತ್ತು. ಅಡಿಕೆ ತೋಟ, ರಬ್ಬರು, ಗುಡ್ಡ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡುಗಳ ನಾಡು ಇದು. 1950ರ ದಶಕದಲ್ಲಿ ಇಂಥ ಊರಿನ ಹುಡುಗನೊಬ್ಬ ಪದವಿ ಓದಬೇಕೆಂದರೆ ಹೋಗಬೇಕಾದದ್ದು ಮಂಗಳೂರಿಗೆ. ಅಲ್ಲಿ ಸರಕಾರಿ ಕಾಲೇಜು ಇತ್ತು, 1880ರಿಂದ ಜೆಸುಯಿಟ್ ಪಾದ್ರಿಗಳು ನಡೆಸುತ್ತಿದ್ದ ಸಂತ ಅಲೋಶಿಯಸ್ ಕಾಲೇಜು ಇತ್ತು, ಹೆಣ್ಣುಮಕ್ಕಳಿಗೆ 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು ಇತ್ತು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ತೆರೆದದ್ದು 1949ರಲ್ಲಿ. ಎಲ್ಲಿಗೆ ಹೋದರೂ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಉಳಿಯಲೇಬೇಕು. ಅಂದರೆ ಪದವಿಯ ನಿಜವಾದ ವೆಚ್ಚ ಶುಲ್ಕದಲ್ಲಿರಲಿಲ್ಲ. ಊಟ-ವಸತಿಯಲ್ಲಿತ್ತು, ಮನೆಯ ತೋಟದಲ್ಲಿ ಒಂದು ಆಳು ಕಡಿಮೆಯಾಗುವುದರಲ್ಲಿತ್ತು.

ಪದವಿಯಿಲ್ಲದ ಹಿರಿಯರು

ಹೀಗಿದ್ದುದರಿಂದ ಈ ಸೀಮೆಯ ಹಿಂದಿನ ತಲೆಮಾರಿನ ಅತಿ ದೊಡ್ಡ ಹೆಸರುಗಳು ಪದವೀಧರರ ಹೆಸರುಗಳಲ್ಲ. ಕೋಟದಲ್ಲಿ ಜನಿಸಿ ಜೀವನದ ನಾಲ್ಕು ದಶಕಗಳಷ್ಟು ಕಾಲ ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದ್ದರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅದನ್ನು ಅರ್ಧಕ್ಕೇ ಬಿಟ್ಟರು. ಮುಂದೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು, ಗೌರವ ಡಾಕ್ಟರೇಟುಗಳು ಬಂದವು, ಆದರೆ ಪರೀಕ್ಷೆ ಬರೆದು ಪಡೆದ ಪದವಿ ಮಾತ್ರ ಅವರ ಹೆಸರಿನ ಮುಂದೆ ಎಂದೂ ಇರಲಿಲ್ಲ.

ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ 1924ರಲ್ಲಿ ಜನಿಸಿದ ಶಿವರಾಯರು, ಅಂದರೆ ಕನ್ನಡ ಓದುಗರಿಗೆ ಪರಿಚಿತರಾದ ನಿರಂಜನರು, ಸುಳ್ಯದಲ್ಲಿಯೂ ನೀಲೇಶ್ವರದ ಹೈಸ್ಕೂಲಿನಲ್ಲಿಯೂ ಕಲಿತು ನೇರವಾಗಿ ಪತ್ರಿಕಾರಂಗಕ್ಕೆ ಬಂದವರು. ಕಯ್ಯೂರಿನ ರೈತ ಹೋರಾಟವನ್ನು ಕುರಿತ 'ಚಿರಸ್ಮರಣೆ' 1955ರಲ್ಲಿ ಪ್ರಕಟವಾದಾಗ ಅವರ ಹುಟ್ಟೂರಿನ ಆಸುಪಾಸಿನಲ್ಲಿ ಪದವಿ ಕಾಲೇಜೊಂದು ಇನ್ನೂ ತೆರೆದಿರಲಿಲ್ಲ. ಪೆರಾಬೆಗೆ ಸಮೀಪದ ರಾಮಕುಂಜದಲ್ಲಿ 1931ರಲ್ಲಿ ಜನಿಸಿದ ಪೇಜಾವರದ ವಿಶ್ವೇಶತೀರ್ಥರದು ಮತ್ತೊಂದು ದಾರಿ. 1938ರಲ್ಲಿಯೇ ಸಂನ್ಯಾಸ ಸ್ವೀಕರಿಸಿದ ಅವರು ಸಂಪೂರ್ಣವಾಗಿ ಸಂಸ್ಕೃತ ಶಾಸ್ತ್ರಾಧ್ಯಯನದ ಪರಂಪರೆಯಲ್ಲಿ ಬೆಳೆದರು. 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದರು.

ಒಬ್ಬರು ಕಾಲೇಜು ಬಿಟ್ಟವರು, ಇನ್ನೊಬ್ಬರು ಕಾಲೇಜಿಗೆ ಹೋಗದವರು, ಮತ್ತೊಬ್ಬರು ಬೇರೊಂದೇ ವಿದ್ಯಾಕ್ರಮದವರು. ಹಾಗಾದರೆ ಕಾಲೇಜು ಏಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ಅದು ಉಡಾಫೆಯ ಪ್ರಶ್ನೆಯಾಗಲಾರದು. ಅದಕ್ಕೆ ಉತ್ತರ ಕಾರಂತರ ಮತ್ತು ನಿರಂಜನರ ಕೃತಿಗಳಲ್ಲಿಯೇ ದೊರೆಯುತ್ತದೆ.

ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಒಬ್ಬರೇ ಬರೆದರು. ನಿರಂಜನರು ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ'ಯ ಪ್ರಧಾನ ಸಂಪಾದಕರಾಗಿದ್ದರು. ಒಂದೇ ಸೀಮೆಗೆ ಸಂಬಂಧಪಟ್ಟ, ಪದವಿಯಿಲ್ಲದ ಇಬ್ಬರು ಲೇಖಕರು ಕನ್ನಡ ಮಕ್ಕಳಿಗೆ ವಿಶ್ವಕೋಶಗಳನ್ನು ಕಟ್ಟಿಕೊಟ್ಟದ್ದು ಆಕಸ್ಮಿಕವಿರಬಹುದು. ಆದರೆ ಮಂಗಳೂರಿಗೆ ಹೋಗಲಾಗದ ಹುಡುಗನಿಗೂ ಖಗೋಳದಿಂದ ಕಲೆಯವರೆಗಿನ ತಿಳಿವಳಿಕೆ ಅವನದೇ ಭಾಷೆಯಲ್ಲಿ ಸಿಗಬೇಕು ಎಂಬ ಹಂಬಲ ಇಬ್ಬರಲ್ಲೂ ಇತ್ತೆಂದು ಆ ಸಂಪುಟಗಳನ್ನು ತಿರುವಿದವರಿಗೆ ಅನ್ನಿಸದಿರದು. ವೃತ್ತಿಗೆ ಬೇಕಾದಷ್ಟನ್ನೇ ಕಲಿಸದೆ ಲೋಕವನ್ನು ವಿಶಾಲವಾಗಿ ಪರಿಚಯಿಸುವ ವಿದ್ಯೆಗೆ ಇಂಗ್ಲಿಷ್ ಬಲ್ಲವರು 'ಲಿಬರಲ್' ಶಿಕ್ಷಣ ಎನ್ನುತ್ತಾರೆ. ಪುತ್ತೂರಿಗೆ ಅದು ಮೊದಲು ಬಂದದ್ದು ಪುಸ್ತಕದ ರೂಪದಲ್ಲಿ; ಕಟ್ಟಡದ ರೂಪದಲ್ಲಿ ಬಂದದ್ದು ಅನಂತರ. ಕಾರಂತರ ಛಲ ಮತ್ತು ದುಡಿಮೆ ಉಳ್ಳವನು ಕಾಲೇಜಿಲ್ಲದೆಯೂ ಮುಂದೆ ಬರುತ್ತಾನೆ. ಅಷ್ಟು ಅಸಾಧಾರಣನಲ್ಲದ ಬುದ್ಧಿವಂತನಿಗೆ ಹತ್ತಿರದಲ್ಲೊಂದು ಕಾಲೇಜು ಬೇಕಾಗುತ್ತದೆ.

1958ರ ನಂತರ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ದಕ್ಷಿಣ ಕನ್ನಡ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು; ಕಾಸರಗೋಡು ಕೇರಳಕ್ಕೆ ಹೋಯಿತು. ಪುತ್ತೂರು, ಸುಳ್ಯಗಳು ಇದ್ದಕ್ಕಿದ್ದಂತೆ ಗಡಿ ಪ್ರದೇಶಗಳಾದವು. 1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಮರುವರ್ಷ, 1958ರಲ್ಲಿ, ಪುತ್ತೂರಿನ ದರ್ಬೆಯಲ್ಲಿ ಮೊನ್ಸಿಂಞೊರ್ ಆಂಟನಿ ಪತ್ರಾವೊ ಅವರು ಸಂತ ಫಿಲೋಮಿನಾ ಕಾಲೇಜನ್ನು ಸ್ಥಾಪಿಸಿದರು. 1965ರಲ್ಲಿ ಅದೇ ಪಟ್ಟಣದಲ್ಲಿ ವಿವೇಕಾನಂದ ಕಾಲೇಜು ಬಂತು. ಸುಳ್ಯದವರು 1976ರವರೆಗೆ ಕಾಯಬೇಕಾಯಿತು. ಕುರುಂಜಿ ವೆಂಕಟರಮಣ ಗೌಡರ ಮುಂದಾಳತ್ವದಲ್ಲಿ ನೆಹರು ಮೆಮೋರಿಯಲ್ ಕಾಲೇಜು ಅಲ್ಲಿ ಪ್ರಾರಂಭವಾಯಿತು. ಅದನ್ನು ನಡೆಸುವ ಸಂಸ್ಥೆಯ ಹೆಸರೇ 'ಅಕಾಡೆಮಿ ಆಫ್ ಲಿಬರಲ್ ಎಜುಕೇಶನ್'. ಮುಂದೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗಾಗಿಯೇ ಹೆಚ್ಚು ಪ್ರಸಿದ್ಧವಾದ ಊರಿನಲ್ಲಿ ಈ ಹೆಸರು ಇಂದಿಗೂ ಉಳಿದುಬಂದಿರುವುದು ಗಮನಾರ್ಹ.

ಫಿಲೋಮಿನಾ ಕಾಲೇಜಿನಿಂದ ಹೊರಬಂದವರಲ್ಲಿ ರಾಜ್ಯಕ್ಕೆಲ್ಲ ಪರಿಚಿತವಾದ ಎರಡು ಹೆಸರುಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಒಬ್ಬರು ರಾಜಕಾರಣಿ, ಇನ್ನೊಬ್ಬರು ವಿದ್ವಾಂಸರು. ಇಬ್ಬರೂ ಅಲ್ಲಿ ಓದಿದ್ದು ಬಿ.ಎಸ್ಸಿ.

ಡಿ.ವಿ. ಸದಾನಂದ ಗೌಡರು 1953ರಲ್ಲಿ ಸುಳ್ಯ ತಾಲ್ಲೂಕಿನ ಮಂಡೆಕೋಲಿನಲ್ಲಿ, ಕೇರಳದ ಗಡಿಗೆ ತಾಗಿಕೊಂಡಂತಿರುವ ಗ್ರಾಮದಲ್ಲಿ, ಜನಿಸಿದವರು. ಪುತ್ತೂರಿನಲ್ಲಿ ವಿಜ್ಞಾನ ಪದವಿ ಮುಗಿಸಿ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜಿಗೆ ಹೋದರು. ವಕೀಲರಾಗಿ ಸುಳ್ಯ, ಪುತ್ತೂರುಗಳಿಗೇ ಮರಳಿದರು. 1994 ಮತ್ತು 1999ರಲ್ಲಿ ಪುತ್ತೂರಿನಿಂದ ವಿಧಾನಸಭೆಗೆ, 2004ರಲ್ಲಿ ಮಂಗಳೂರಿನಿಂದ ಲೋಕಸಭೆಗೆ, 2009ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಮತ್ತೆ ಲೋಕಸಭೆಗೆ ಆಯ್ಕೆಯಾದರು. 2011ರ ಆಗಸ್ಟ್‌ನಿಂದ 2012ರ ಜುಲೈವರೆಗೆ ಮುಖ್ಯಮಂತ್ರಿಯಾಗಿದ್ದರು. ವೀರಪ್ಪ ಮೊಯಿಲಿಯವರ ನಂತರ ಅವಿಭಜಿತ ದಕ್ಷಿಣ ಕನ್ನಡದಿಂದ ಆ ಹುದ್ದೆಗೆ ಏರಿದವರು ಇವರು. 2014ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಿಂದ ಗೆದ್ದು ಕೇಂದ್ರದಲ್ಲಿ ರೈಲ್ವೆ, ಆಮೇಲೆ ಕಾನೂನು, ಬಳಿಕ ಅಂಕಿ-ಅಂಶ ಹಾಗೂ ಕಾರ್ಯಕ್ರಮ ಅನುಷ್ಠಾನ, ಕೊನೆಗೆ ರಸಾಯನ ಮತ್ತು ರಸಗೊಬ್ಬರ ಖಾತೆಗಳನ್ನು 2021ರವರೆಗೆ ನಿರ್ವಹಿಸಿದರು. ಬಿ.ಎಸ್ಸಿ. ಪದವಿಗೆ ನೇರ ಸಂಬಂಧ ಕಲ್ಪಿಸಬಹುದಾದ ಖಾತೆ ಅವರ ಪಾಲಿಗೆ ಕಡೆಯಲ್ಲಿ ಬಂತು ಎಂದು ಬೇಕಿದ್ದರೆ ತಮಾಷೆಗೆ ಹೇಳಬಹುದು.

ಎರಡನೆಯವರು ಡಾ. ಬಿ.ಎ. ವಿವೇಕ ರೈ. 1946ರಲ್ಲಿ ಪುಣಚದಲ್ಲಿ ಜನನ. ತಂದೆ ಅಗ್ರಾಳ ಪುರಂದರ ರೈಗಳು ಸ್ವತಃ ಲೇಖಕರು. ಆದ್ದರಿಂದ ಸಾಹಿತ್ಯದ ಒಲವಿನ ಶ್ರೇಯಸ್ಸನ್ನೆಲ್ಲ ಕಾಲೇಜಿಗೆ ಬರೆದುಕೊಡುವುದು ನ್ಯಾಯವಾಗಲಾರದು. ಫಿಲೋಮಿನಾದಲ್ಲಿ ಬಿ.ಎಸ್ಸಿ. ಓದಿದ ಅವರು ಎಂ.ಎ.ಗೆ ಆರಿಸಿಕೊಂಡದ್ದು ಕನ್ನಡವನ್ನು. ಅದಕ್ಕೆ ಅವಕಾಶವಾದದ್ದು ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಕೊಣಾಜೆಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರದಿಂದ. ಮಂಗಳಗಂಗೋತ್ರಿ ಎಂದು ಹೆಸರಾದ ಆ ಕೇಂದ್ರದಲ್ಲಿ ಕನ್ನಡ ವಿಭಾಗವನ್ನು ಕಟ್ಟಿದವರು ಎಸ್.ವಿ. ಪರಮೇಶ್ವರ ಭಟ್ಟರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಿತ ಅವರ ಮೂಲಕ ಆ ಕಾಲೇಜಿನ ಕನ್ನಡ ಪಾಠಪರಂಪರೆ ತುಳುನಾಡಿಗೆ ಬಂತೆನ್ನಬಹುದು. ಇದೇ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು.

ಭಟ್ಟರ ಶಿಷ್ಯರಾಗಿ, ಬಳಿಕ ಅಲ್ಲಿಯೇ ಅಧ್ಯಾಪಕರಾಗಿ ವಿವೇಕ ರೈಯವರು ಕೈಹಾಕಿದ್ದು ತುಳು ಜಾನಪದಕ್ಕೆ. ಅವರ 'ತುಳು ಜನಪದ ಸಾಹಿತ್ಯ' 1985ರಲ್ಲಿ ಪ್ರಕಟವಾಯಿತು. ಅದಕ್ಕಿಂತ ದೊಡ್ಡ ಸಾಹಸ ಸಿರಿ ಪಾಡ್ದನದ್ದು. ಉಜಿರೆ ಕಡೆಯ ಕೃಷಿಕ, ಸಿರಿ ಜಾತ್ರೆಗಳಲ್ಲಿ ಹಾಡುವ ಗೋಪಾಲ ನಾಯ್ಕರು ಬಾಯಿಪಾಠವಾಗಿ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನ್ನೆಲಿ ಹಾಂಕೊ, ಕೆ. ಚಿನ್ನಪ್ಪ ಗೌಡ ಮತ್ತು ವಿವೇಕ ರೈ ಸೇರಿ 1990ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿಸಿಕೊಂಡರು. ಅದನ್ನು ಸಾಲುಸಾಲಾಗಿ ಬರೆದು, ಇಂಗ್ಲಿಷಿಗೆ ಅನುವಾದಿಸಿ, ಎರಡು ಸಂಪುಟಗಳಲ್ಲಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಲಾಯಿತು. ಒಟ್ಟು 15,683 ಸಾಲುಗಳು. ಹೋಮರನ 'ಇಲಿಯಡ್' ಕೂಡ ಸುಮಾರು ಇಷ್ಟೇ ಉದ್ದದ್ದು ಎಂಬುದನ್ನು ನೆನೆದರೆ, ತೋಟ-ಗದ್ದೆಗಳ ನಡುವೆ ಹಾಡುತ್ತಿದ್ದ ಒಬ್ಬ ವ್ಯಕ್ತಿಯ ನೆನಪಿನಲ್ಲಿ ಏನು ಅಡಗಿತ್ತು ಎಂಬುದರ ಅಂದಾಜಾಗುತ್ತದೆ.

ಕಾಲೇಜು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಈ ಪ್ರಕರಣಕ್ಕಿಂತ ಒಳ್ಳೆಯ ವಿವರಣೆ ಸಿಗುವುದು ಕಷ್ಟ. ಕಾವ್ಯ ಗೋಪಾಲ ನಾಯ್ಕರದು. ಅದನ್ನು ಕಲಿಯಲು ಅವರಿಗೆ ಪದವಿ ಬೇಕಾಗಲಿಲ್ಲ. ಆದರೆ ಆ ಕಾವ್ಯದ ಭಾಷೆಯನ್ನು ಮನೆಮಾತಾಗಿ ಬಲ್ಲ, ಹಾಡುವವನ ಎದುರು ಸಂಕೋಚವಿಲ್ಲದೆ ಕೂರಬಲ್ಲ, ಅದೇ ಹೊತ್ತಿನಲ್ಲಿ ಫಿನ್ಲೆಂಡಿನ ವಿದ್ವಾಂಸರೊಡನೆ ಸರಿಸಮನಾಗಿ ವಾದಿಸಬಲ್ಲ ಜನ ಬೇಕಾಗಿದ್ದರು. ಅಂಥವರು ದೂರದ ನಗರದಿಂದ ಬರುವ ಸಂಭವ ಕಡಿಮೆ. ವಿವೇಕ ರೈಯವರು 2004ರಿಂದ 2007ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ, ಅನಂತರ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಹಳೆ ವಿದ್ಯಾರ್ಥಿಗಳ ಪುಟದಲ್ಲಿ ಅಚ್ಚಾಗುವುದು ಈ ಹುದ್ದೆಗಳು. ಉಳಿಯುವ ಕೆಲಸ ಆ 15,683 ಸಾಲುಗಳು.

ವಿಜ್ಞಾನ ಓದಿ ವಿಜ್ಞಾನ ಬಿಟ್ಟವರು

ಇಬ್ಬರೂ ಬಿ.ಎಸ್ಸಿ. ಓದಿದವರು, ಇಬ್ಬರೂ ಆ ಶಾಸ್ತ್ರದಲ್ಲಿ ಮುಂದುವರಿಯಲಿಲ್ಲ ಎಂಬ ಅಂಶ ಮುಖ್ಯವಾದದ್ದು. ಇಂದಿನ ದೃಷ್ಟಿಯಲ್ಲಿ ಇದು ಮೂರು ವರ್ಷಗಳ ವ್ಯರ್ಥ. ಕಾನೂನಿಗೆ ಹೋಗುವವನಿಗೆ ರಸಾಯನಶಾಸ್ತ್ರ ಏಕೆ, ಪಾಡ್ದನ ಸಂಗ್ರಹಿಸುವವನಿಗೆ ಪ್ರಯೋಗಾಲಯ ಏಕೆ ಎಂದು ಕೌನ್ಸೆಲಿಂಗ್ ನಡೆಸುವವರು ಕೇಳಿಯಾರು. ಆದರೆ ಅಂದಿನ ಪದವಿ ವ್ಯವಸ್ಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗೂ ಇಂಗ್ಲಿಷ್ ಮತ್ತು ಇನ್ನೊಂದು ಭಾಷೆಯ ಪಾಠ ಕಡ್ಡಾಯವಾಗಿತ್ತು. ಕನ್ನಡ ಅಧ್ಯಾಪಕರ ತರಗತಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಂಬ ಭೇದವಿಲ್ಲದೆ ಹಳಗನ್ನಡದ ಪದ್ಯ ಓದಬೇಕಾಗಿತ್ತು. ಸಣ್ಣ ಕಾಲೇಜಿನಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. ಅಲ್ಲಿ ಎಲ್ಲ ವಿಭಾಗಗಳ ಅಧ್ಯಾಪಕರೂ ಎಲ್ಲ ವಿದ್ಯಾರ್ಥಿಗಳಿಗೂ ಮುಖಪರಿಚಯದವರು. ಚರ್ಚಾಸ್ಪರ್ಧೆಗೂ ನಾಟಕಕ್ಕೂ ಜನ ಸಾಲದೆ ಎಲ್ಲ ತರಗತಿಗಳವರನ್ನೂ ಎಳೆದುತರಲೇಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ಆರಿಸಿಕೊಂಡ ವಿಷಯಕ್ಕೆ ಜೀವನಪೂರ್ತಿ ಕಟ್ಟುಬೀಳದೆ, ಇಪ್ಪತ್ತೊಂದರಲ್ಲಿ ಮನಸ್ಸು ಬದಲಿಸಲು ಆ ಪದವಿ ಅವಕಾಶ ಕೊಡುತ್ತಿತ್ತು. ಲಿಬರಲ್ ಎಂಬ ಮಾತಿಗೆ ಪುತ್ತೂರಿನಲ್ಲಿ ಸಿಕ್ಕ ಅರ್ಥ ಇಷ್ಟೇ, ಮತ್ತು ಇದು ಕಡಿಮೆಯೇನಲ್ಲ.

ಪದವಿಗೆ ಇನ್ನೊಂದು ಬೆಲೆಯೂ ಇದೆ. ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ನಾಟಕದ ವಿಧಾನ ಪರಿಷತ್ತಿಗೆ ಪದವೀಧರ ಕ್ಷೇತ್ರಗಳಿವೆ. ಪದವಿ ಪಡೆದು ಮೂರು ವರ್ಷ ಕಳೆದವರು ಹೆಸರು ನೋಂದಾಯಿಸಿಕೊಂಡರೆ ಆ ಚುನಾವಣೆಯಲ್ಲಿ ಮತ ಚಲಾಯಿಸಬಹುದು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗಗಳನ್ನೊಳಗೊಂಡ ನೈಋತ್ಯ ಪದವೀಧರ ಕ್ಷೇತ್ರದಲ್ಲಿ ಪೆರಾಬೆಯ ಬಿ.ಎ. ಪದವೀಧರೆಗೆ ಇರುವ ಮತ, ಅದೇ ಊರಿನಲ್ಲಿ ಪಿಯುಸಿಗೆ ನಿಂತ ಅವಳ ಅಣ್ಣನಿಗೆ ಇಲ್ಲ. ಇದು ಸರಿಯೇ ಎಂಬುದು ಬೇರೆ ಚರ್ಚೆ. ಅಂತೂ ಊರಿಗೊಬ್ಬ ಪದವೀಧರನೂ ಇಲ್ಲದಿದ್ದ ಸೀಮೆಯಲ್ಲಿ ಮನೆಮನೆಗೆ ಪದವೀಧರರಾದದ್ದು ಇಂಥ ಕಾಲೇಜುಗಳಿಂದ.

ಹೆಣ್ಣುಮಕ್ಕಳ ವಿಷಯದಲ್ಲಿ ಅಂತರ ಇನ್ನೂ ಸ್ಪಷ್ಟ. ಮಂಗಳೂರಿನ ಹಾಸ್ಟೆಲಿಗೆ ಮಗಳನ್ನು ಕಳಿಸಲು ಒಪ್ಪದ ಮನೆಯವರು ಬೆಳಿಗ್ಗೆ ಹೋಗಿ ಸಂಜೆ ಬರುವ ಬಸ್ಸಿದ್ದರೆ ಒಪ್ಪುತ್ತಾರೆ. ಪುತ್ತೂರು, ಸುಳ್ಯ, ಕಡಬಗಳ ಹೈಸ್ಕೂಲುಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ಎರಡು ತಲೆಮಾರುಗಳಿಂದ ಕೆಲಸ ಮಾಡುತ್ತಿರುವ ಮಹಿಳೆಯರ ಹೆಸರುಗಳು ಯಾವ ಹೆಮ್ಮೆಯ ಪುಟದಲ್ಲಿಯೂ ಬರುವುದಿಲ್ಲ. ರಾಜ್ಯಮಟ್ಟದಲ್ಲಿ ಎದ್ದುಕಾಣುವ ಹೆಸರು ಶೋಭಾ ಕರಂದ್ಲಾಜೆಯವರದು. ಈಗ ಕಡಬ ತಾಲ್ಲೂಕಿನಲ್ಲಿರುವ ಚಾರ್ವಾಕದಲ್ಲಿ 1966ರಲ್ಲಿ ಜನಿಸಿ, ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರು ರಾಜ್ಯದಲ್ಲಿ ಸಚಿವೆಯಾಗಿ, 2014ರಲ್ಲಿ ಲೋಕಸಭೆಗೆ ಆಯ್ಕೆಯಾಗಿ, 2021ರಲ್ಲಿ ಕೇಂದ್ರ ಸಚಿವೆಯಾದರು. ಉದ್ಯೋಗ ಕೊಡದ ವಿಷಯವೆಂದು ಸಮಾಜಶಾಸ್ತ್ರವನ್ನು ಹಳಿಯುವವರು ಈ ಉದಾಹರಣೆಯನ್ನೂ ಗಮನಿಸಬಹುದು.

ಕಾಲೇಜನ್ನು ಅದರ ವಿದ್ಯಾರ್ಥಿಗಳಿಂದ ಮಾತ್ರ ಅಳೆಯುವುದೂ ಅಪೂರ್ಣವೇ. ಪಂಜದ ಸಮೀಪದ ಬಿಳಿಮಲೆಯವರಾದ ಪುರುಷೋತ್ತಮ ಬಿಳಿಮಲೆಯವರು ಸುಳ್ಯದ ನೆಹರು ಮೆಮೋರಿಯಲ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಅವರ ಸಂಶೋಧನೆಯ ವಸ್ತುವೂ ದೂರದ್ದಾಗಿರಲಿಲ್ಲ. ಸುಳ್ಯ ಪರಿಸರದ ಗೌಡ ಜನಾಂಗದ ಸಂಸ್ಕೃತಿಯನ್ನೇ ಅವರು ಅಧ್ಯಯನಕ್ಕೆ ಆರಿಸಿಕೊಂಡರು. ಅಲ್ಲಿಂದ ಮಂಗಳೂರು, ಹಂಪಿ, ದೆಹಲಿಗಳಿಗೆ ಹೋಗಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕನ್ನಡ ಪೀಠವನ್ನು ನಡೆಸಿದರು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. ತಾಲ್ಲೂಕು ಕೇಂದ್ರದ ಕಾಲೇಜೊಂದು ಯುವ ಅಧ್ಯಾಪಕನಿಗೆ ಸಂಬಳವನ್ನೂ, ಸಂಶೋಧನೆಗೆ ಕಾಲ್ನಡಿಗೆಯ ದೂರದಲ್ಲಿ ಸಾಮಗ್ರಿಯನ್ನೂ ಒದಗಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸುಳ್ಯದ ಇನ್ನೊಬ್ಬರನ್ನು ಇಲ್ಲಿ ನೆನೆಯದಿರಲಾಗದು, ಅವರು ಕಲಾ ಕಾಲೇಜಿನ ಪದವೀಧರರಲ್ಲದಿದ್ದರೂ. ಗಿರೀಶ್ ಭಾರದ್ವಾಜರು ಎಂಜಿನಿಯರಿಂಗ್ ಕಲಿಯಲು ಮಂಡ್ಯದವರೆಗೆ ಹೋಗಿ ಊರಿಗೆ ಮರಳಿದವರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ತರಗತಿ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಕಾಲೇಜನ್ನು ಹತ್ತಿರ ತಂದವರಲ್ಲಿ ಅವರನ್ನೂ ಎಣಿಸಬೇಕು.

ಈಗಿನ ಸ್ಥಿತಿ

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ರಾಜ್ಯದ ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರಾದ ಅಧ್ಯಾಪಕರ ಜಾಗಕ್ಕೆ ಹೊಸಬರ ಕಾಯಂ ನೇಮಕ ವರ್ಷಗಟ್ಟಲೆ ನಡೆಯದೆ, ಆಡಳಿತ ಮಂಡಳಿಗಳು ತಾತ್ಕಾಲಿಕ ಉಪನ್ಯಾಸಕರಿಂದ ತರಗತಿ ನಡೆಸುತ್ತಿವೆ. ವರ್ಷಕ್ಕೊಮ್ಮೆ ಬದಲಾಗುವ ಉಪನ್ಯಾಸಕನಿಂದ ಪರಮೇಶ್ವರ ಭಟ್ಟರಂಥ ಶಿಷ್ಯಪರಂಪರೆಯನ್ನು ನಿರೀಕ್ಷಿಸಲಾಗದು. ವಿದ್ಯಾರ್ಥಿಗಳ ಒಲವು ಬಿ.ಕಾಂ., ಬಿ.ಸಿ.ಎ.ಗಳ ಕಡೆಗೆ ಹೆಚ್ಚಿದಂತೆ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡದಂಥ ವಿಷಯಗಳ ತರಗತಿ ತೆಳುವಾಗುತ್ತಿದೆ. ವಿದ್ಯಾರ್ಥಿಗಳ ಸಂಖ್ಯೆ ಇಳಿದರೆ ಕೆಲಸದ ಹೊರೆ ಇಳಿಯುತ್ತದೆ, ಹೊರೆ ಇಳಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದ ವಿಷಯಕ್ಕೆ ಮರುವರ್ಷ ಸೇರುವವರೂ ಇರುವುದಿಲ್ಲ.

ನೀತಿಯ ಗೊಂದಲವೂ ಇದಕ್ಕೆ ಸೇರಿಕೊಂಡಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ಕರ್ನಾಟಕ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೊಳಿಸಿತು. ವಿಜ್ಞಾನದವನು ಕಲೆಯ ವಿಷಯವನ್ನೂ ಆರಿಸಿಕೊಳ್ಳಬಹುದೆಂಬುದು ಅದರ ಒಂದು ಭರವಸೆ. ಸರಕಾರ ಬದಲಾದ ಮೇಲೆ 2024-25ರಿಂದ ಮೂರು ವರ್ಷಗಳ ಪದವಿಗೇ ಮರಳಲಾಯಿತು. ಎರಡೂ ಪಠ್ಯಕ್ರಮಗಳ ವಿದ್ಯಾರ್ಥಿಗಳು ಒಂದೇ ಕಟ್ಟಡದಲ್ಲಿ ಓದುವ ಪರಿಸ್ಥಿತಿ ಬಂತು. ದೊಡ್ಡ ಕಾಲೇಜುಗಳು ಇದನ್ನು ಹೇಗೋ ತಾಳಿಕೊಂಡವು. ವಿಭಾಗಕ್ಕೊಬ್ಬರೋ ಇಬ್ಬರೋ ಅಧ್ಯಾಪಕರಿರುವಲ್ಲಿ ವೇಳಾಪಟ್ಟಿ ಹಾಕುವುದೇ ಒಂದು ಸಮಸ್ಯೆಯಾಯಿತು.

ಪುತ್ತೂರಿನ ಎರಡೂ ಹಳೆಯ ಕಾಲೇಜುಗಳು ಇತ್ತೀಚಿನ ವರ್ಷಗಳಲ್ಲಿ ಸ್ವಾಯತ್ತತೆ ಪಡೆದಿವೆ. ಪದವಿಯನ್ನು ಮಂಗಳೂರು ವಿಶ್ವವಿದ್ಯಾನಿಲಯವೇ ಕೊಡುತ್ತದೆ. ಪಠ್ಯಕ್ರಮವನ್ನು ರೂಪಿಸುವ, ಪರೀಕ್ಷೆ ನಡೆಸುವ ಅಧಿಕಾರ ಕಾಲೇಜಿಗೇ ಬಂದಿದೆ. ಬಿ.ಎಸ್ಸಿ. ವಿದ್ಯಾರ್ಥಿಯ ಎದುರು ಹಳಗನ್ನಡದ ಪದ್ಯ ಇರಬೇಕೇ, ಬಿ.ಕಾಂ. ತರಗತಿಯಲ್ಲಿ ತುಳುನಾಡಿನ ಚರಿತ್ರೆಗೆ ಒಂದು ಪತ್ರಿಕೆಯಾದರೂ ಮೀಸಲಾಗಬೇಕೇ, ಐಚ್ಛಿಕ ಕನ್ನಡಕ್ಕೆ ಐದೇ ಜನ ಬಂದರೂ ತರಗತಿ ನಡೆಸಬೇಕೇ ಎಂಬ ತೀರ್ಮಾನಗಳಲ್ಲಿ ಬಹುಪಾಲು ಈಗ ಮೈಸೂರಿನಲ್ಲೂ ಕೊಣಾಜೆಯಲ್ಲೂ ಆಗಬೇಕಾಗಿಲ್ಲ. ದರ್ಬೆಯ ಅಧ್ಯಯನ ಮಂಡಳಿಯ ಸಭೆಯಲ್ಲೇ ಆಗುತ್ತವೆ.